ಹದಿನಾರು ದಿನಗಳ ಅಂತರ

ಲೋಕಸಭೆಯ ಸ್ಥಾನವೊಂದು ಅವಧಿಗೆ ಮೊದಲೇ ತೆರವಾದರೆ ಅದನ್ನು ಎಷ್ಟು ಕಾಲ ಹಾಗೆಯೇ ಇರಗೊಡಬಹುದೆಂಬ ಪ್ರಶ್ನೆಯು ವಕೀಲರಿಗೂ ಚುನಾವಣಾಧಿಕಾರಿಗಳಿಗೂ ಮೀಸಲಾದ ನೀರಸ ವಿಷಯವೆಂದು ತೋರುವುದು ಸಹಜ. ಆದರೆ 2018ರ ಅಕ್ಟೋಬರ್ 6ರಂದು ಶಿವಮೊಗ್ಗ, ಬಳ್ಳಾರಿ, ಮಂಡ್ಯ ಕ್ಷೇತ್ರಗಳಿಗೆ ಉಪಚುನಾವಣೆ ಘೋಷಿತವಾದಾಗ, ಸಾರ್ವತ್ರಿಕ ಚುನಾವಣೆ ಹೊಸ್ತಿಲಿಗೆ ಬಂದಿರುವಾಗ ಈ ವೆಚ್ಚವೂ ಈ ಗದ್ದಲವೂ ಯಾರಿಗಾಗಿ ಎಂದು ಪಕ್ಷಭೇದವಿಲ್ಲದೆ ಎಲ್ಲರೂ ಕೇಳಿದರು.

ಉತ್ತರವಿದ್ದುದು ಪಂಚಾಂಗದಲ್ಲಿ. ಪ್ರಜಾಪ್ರಾತಿನಿಧ್ಯ ಕಾಯಿದೆಯ 151ಎ ಕಲಮಿನ ಪ್ರಕಾರ ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಲೇಬೇಕು; ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಆ ಕಟ್ಟಳೆಗೆ ವಿನಾಯಿತಿ. ಹದಿನಾರನೆಯ ಲೋಕಸಭೆಯ ಆಯುಸ್ಸು 2019ರ ಜೂನ್ 3ಕ್ಕೆ ಮುಗಿಯತಕ್ಕದ್ದು. ಶಿವಮೊಗ್ಗದ ಸ್ಥಾನ ತೆರವಾದದ್ದು 2018ರ ಮೇ 18ರಂದು. ವರ್ಷದ ಮೇಲೆ ಹದಿನಾರು ದಿನ ಹೆಚ್ಚು! ಅದೇ ವರ್ಷದ ಜೂನ್ 20ರಂದು ತೆರವಾದ ಆಂಧ್ರದ ಐದು ಸ್ಥಾನಗಳಿಗೆ ಚುನಾವಣೆಯೇ ನಡೆಯಲಿಲ್ಲ.

ತೆರವಾದ ಬಗೆಯೂ ಸ್ವಾರಸ್ಯವುಳ್ಳದ್ದು. 2014ರಲ್ಲಿ ಬಿ. ಎಸ್. ಯಡಿಯೂರಪ್ಪನವರು 3,63,305 ಮತಗಳ ಅಂತರದಿಂದ ಲೋಕಸಭೆಗೆ ಹೋದಾಗ, ಅವರು ಬಿಟ್ಟುಕೊಟ್ಟ ಶಿಕಾರಿಪುರದ ವಿಧಾನಸಭಾ ಸ್ಥಾನವನ್ನು ಉಪಚುನಾವಣೆಯಲ್ಲಿ ಗೆದ್ದವರು ಅವರ ಪುತ್ರ, ಅದುವರೆಗೆ ಶಿವಮೊಗ್ಗದ ಸಂಸದರಾಗಿದ್ದ ಬಿ. ವೈ. ರಾಘವೇಂದ್ರ. ನಾಲ್ಕು ವರ್ಷಗಳ ಬಳಿಕ ತಂದೆ ಶಿಕಾರಿಪುರಕ್ಕೆ ಮರಳಿದರು. ಮೇ 17ರಂದು ಮುಖ್ಯಮಂತ್ರಿಯಾದರು, ಮರುದಿನ ಲೋಕಸಭೆಯನ್ನು ತೊರೆದರು, ಅದರ ಮರುದಿನ, ಬಹುಮತ ಸಾಲದೆ, ಮುಖ್ಯಮಂತ್ರಿಪದವನ್ನೂ ತೊರೆದರು. ಹೀಗೆ ಜಗುಲಿಯಲ್ಲಿದ್ದವರು ನಡುಮನೆಗೂ ನಡುಮನೆಯಲ್ಲಿದ್ದವರು ಜಗುಲಿಗೂ ಸ್ಥಳ ಬದಲಾಯಿಸಿಕೊಂಡಂತೆ ನಡೆದ ಈ ವ್ಯವಹಾರದಲ್ಲಿ ಕಾಯಿದೆಗೆ ವಿರುದ್ಧವಾದುದು ಏನೂ ಇರಲಿಲ್ಲ. ಎರಡು ಸದನಗಳಲ್ಲಿ ಒಬ್ಬನೇ ಕುಳಿತಿರಕೂಡದೆಂದು ಸಂವಿಧಾನದ 101ನೆಯ ಅನುಚ್ಛೇದವೇ ವಿಧಿಸಿದೆ.

ಶಿವಮೊಗ್ಗಕ್ಕೆ ಉಪಚುನಾವಣೆ ಹೊಸತೂ ಅಲ್ಲ. 1996ರಲ್ಲಿ ಕರ್ನಾಟಕ ಕಾಂಗ್ರೆಸ್, 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಭಾರತೀಯ ಜನತಾ ಪಕ್ಷ ಹೀಗೆ ಚಿಹ್ನೆ ಬದಲಿಸುತ್ತ ಗೆದ್ದ ಎಸ್. ಬಂಗಾರಪ್ಪನವರು, ಮರುವರ್ಷ ರಾಜೀನಾಮೆಯಿತ್ತು ಸಮಾಜವಾದಿ ಪಕ್ಷದಿಂದ ಉಪಚುನಾವಣೆಗೆ ನಿಂತು, ನಾಲ್ಕನೆಯ ಚಿಹ್ನೆಯಲ್ಲಿಯೂ ಗೆದ್ದುಬಂದರು. ಜನ ಚಿಹ್ನೆಗಿಂತ ಮನುಷ್ಯನನ್ನು ನೋಡಿ ಮತವೀಯುವ ಸೀಮೆ ಇದೆಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯವನ್ನು ನಾನಂತೂ ಕಾಣೆ.

2018ರ ಕಣದಲ್ಲಿಯಾದರೋ ಮೂವರು ಮಾಜಿ ಮುಖ್ಯಮಂತ್ರಿಗಳ ಮಕ್ಕಳು ಎದುರುಬದುರಾದರು: ರಾಘವೇಂದ್ರ, ಜಾತ್ಯತೀತ ಜನತಾದಳ ಮತ್ತು ಕಾಂಗ್ರೆಸ್ಸಿನ ಮೈತ್ರಿಯ ಹುರಿಯಾಳು, ಎಸ್. ಬಂಗಾರಪ್ಪನವರ ಮಗ ಮಧು ಬಂಗಾರಪ್ಪ, ಸಂಯುಕ್ತ ಜನತಾದಳದ ಮಹಿಮಾ ಪಟೇಲ್. ಮೊದಲಿಬ್ಬರ ಮನೆತನದ ಕಥೆ ಊರಿಗೆಲ್ಲ ತಿಳಿದದ್ದೇ. ಮಧು ಅವರನ್ನು ಅದೇ ಮೇ ತಿಂಗಳಲ್ಲಿ ಸೊರಬದಲ್ಲಿ ಸೋಲಿಸಿದವರು ಅವರ ಅಣ್ಣ ಕುಮಾರ್. ಮೂರನೆಯವರ ತಂದೆ ಜೆ. ಎಚ್. ಪಟೇಲರು 1967ರಲ್ಲಿ ಇದೇ ಕ್ಷೇತ್ರದಿಂದ ದಿಲ್ಲಿಗೆ ಹೋಗಿ ಲೋಕಸಭೆಯಲ್ಲಿ ಕನ್ನಡವನ್ನು ಮೊಳಗಿಸಿದವರು. ಪಟೇಲರ ಚನ್ನಗಿರಿ 1997ರ ತನಕ ಶಿವಮೊಗ್ಗ ಜಿಲ್ಲೆಯದೇ ಆಗಿತ್ತು. ಅದನ್ನು ಹೊಸ ದಾವಣಗೆರೆಗೆ ಸೇರಿಸಿದ್ದು ಅವರ ಸರಕಾರವೇ ಎಂಬುದು ವಿನೋದ.

ಇದೇ ಕ್ಷೇತ್ರದೊಳಗಿನ ಭದ್ರಾವತಿಯ ಪಾಡು ಬೇರೆ. ಅಲ್ಲಿ ಕಾಂಗ್ರೆಸ್ಸಿನ ಬಿ. ಕೆ. ಸಂಗಮೇಶ್ವರರಿಗೂ ಜಾತ್ಯತೀತ ಜನತಾದಳದ ಎಂ. ಜೆ. ಅಪ್ಪಾಜಿಯವರಿಗೂ ವರ್ಷಾನುಗಟ್ಟಲೆಯ ಹಣಾಹಣಿಯಿತ್ತು. ಮೇ ತಿಂಗಳಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ಬೆವರಿಳಿಸಿದವರು ನವೆಂಬರಿನಲ್ಲಿ ಒಬ್ಬನೇ ಅಭ್ಯರ್ಥಿಗೆ ಮತ ಕೇಳಬೇಕಾಯಿತು. ಅದಕ್ಕೂ ಮಿಗಿಲಾಗಿ, ಈ ಊರಿನ ಎರಡು ಒಲೆಗಳಿಗೆ ಇಬ್ಬರು ಯಜಮಾನರು. 1918ರಲ್ಲಿ ಸಂಸ್ಥಾನದ ಕಾಲದಲ್ಲಿ ಸ್ಥಾಪಿತವಾದ ಕಬ್ಬಿಣದ ಕಾರ್ಖಾನೆ ಈಗ ಕೇಂದ್ರದ ಉಕ್ಕು ಪ್ರಾಧಿಕಾರದ್ದು. 1936ರ ಕಾಗದದ ಕಾರ್ಖಾನೆ ರಾಜ್ಯದ್ದು, 2015ರಲ್ಲಿ ಅದರ ಉತ್ಪಾದನೆ ನಿಂತುಹೋಗಿತ್ತು. ಕಾಗದಕ್ಕಾಗಿ ಶಾಸಕನನ್ನೂ ಕಬ್ಬಿಣಕ್ಕಾಗಿ ಸಂಸದನನ್ನೂ ಹಿಡಿಯಬೇಕಾದ ಕಾರ್ಮಿಕನಿಗೆ, ದಿಲ್ಲಿಯಲ್ಲಿ ತನ್ನ ಪರವಾಗಿ ಏಳುವ ಪೀಠವೊಂದು ಸುಮಾರು ಆರು ತಿಂಗಳು ಖಾಲಿಯಿತ್ತೆಂಬುದು ಸಣ್ಣ ಮಾತಲ್ಲ. 151ಎ ಕಲಮಿನ ಹಟವನ್ನು ನಾನು ಮೂದಲಿಸದಿರುವುದು ಈ ಕಾರಣಕ್ಕೆ.

ನವೆಂಬರ್ 3ರಂದು ನೂರಕ್ಕೆ ಸುಮಾರು 61 ಮಂದಿ ಮತ ಹಾಕಿದರು. 6ರಂದು, ನರಕಚತುರ್ದಶಿಯ ದಿನ, ಎಣಿಕೆ ಮುಗಿದಾಗ ರಾಘವೇಂದ್ರ ಗೆದ್ದಿದ್ದರು. ಆದರೆ ತಂದೆಯ ಮೂರೂವರೆ ಲಕ್ಷಕ್ಕೆ ಮೀರಿದ ಅಂತರವು 52,148ಕ್ಕೆ ಇಳಿದಿತ್ತು. ಬಳ್ಳಾರಿಯನ್ನೂ ಮಂಡ್ಯವನ್ನೂ ಮೈತ್ರಿಕೂಟವೇ ಪಡೆಯಿತು. ಹೊಸ ಸಂಸದರ ಪಾಲಿಗೆ ಉಳಿದದ್ದು ಡಿಸೆಂಬರ್ 11ಕ್ಕೆ ತೊಡಗಿದ ಚಳಿಗಾಲದ ಅಧಿವೇಶನ ಮತ್ತು ಫೆಬ್ರವರಿ 13ಕ್ಕೆ ಮುಗಿದ ಮುಂಗಡಪತ್ರದ ಅಧಿವೇಶನ, ಎರಡೇ. 2019ರ ಏಪ್ರಿಲ್ 23ರಂದು ಅದೇ ರಾಘವೇಂದ್ರ, ಅದೇ ಮಧು ಬಂಗಾರಪ್ಪ ಮತ್ತೆ ಮತಗಟ್ಟೆಯ ಯಂತ್ರದ ಮೇಲೆ ಎದುರಾದರು; ಈ ಸಲ ರಾಘವೇಂದ್ರರ ಗೆಲುವಿನ ಅಂತರ 2,23,360.