ನಿಮಗಿದು ಗೊತ್ತೆ? ಕೀಲಿಕೈ ಇಲ್ಲದೆ ಬೀಗ ತೆಗೆಯುವುದೂ ಹವ್ಯಾಸ!

ಕೀಲಿಕೈ ಇಲ್ಲದೆ ಬೀಗ ತೆಗೆಯುವುದು ಕಳ್ಳರ ಕಸುಬಷ್ಟೇ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ನಾಯ್ಸ್‌ಬ್ರಿಡ್ಜ್‌ನಂಥ ಹವ್ಯಾಸಿಗಳ ಕಾರ್ಯಾಗಾರದಲ್ಲಿ ಇದರ ಪಾಠವೂ ನಡೆದಿದೆ! ಕ್ಯಾಲಿಫೋರ್ನಿಯಾ ದಂಡ ಸಂಹಿತೆಯ 466ನೇ ಸೆಕ್ಷನ್ ಪ್ರಕಾರ, ಕನ್ನ ಹಾಕುವ ಉದ್ದೇಶವಿದ್ದರೆ ಮಾತ್ರ ಇದರ ಸಲಕರಣೆ ಇಟ್ಟುಕೊಳ್ಳುವುದು ಅಪರಾಧ.

ಹೊಸಬರು ಕೈಗೆತ್ತಿಕೊಳ್ಳುವುದು ಅಗ್ಗದ ಬೀಗವನ್ನೇ. ಅದರೊಳಗೆ ಸ್ಪ್ರಿಂಗ್ ಒತ್ತಿ ಹಿಡಿದ ಪಿನ್ನುಗಳಿರುತ್ತವೆ. ಎಲ್ಲವೂ ಸರಿಯಾದ ಎತ್ತರಕ್ಕೆ ಬಂದರೆ ಕೀಲಿಕೈ ತೂರಿಸುವ ಉರುಳೆ ತಿರುಗುತ್ತದೆ. ಬಾಗಿದ ತಗಡಿನ ಪಟ್ಟಿಯಿಂದ ಉರುಳೆಯನ್ನು ತುಸುವೇ ತಿರುಗಿಸಿ ಹಿಡಿಯಿರಿ. ತಯಾರಿಕೆಯಲ್ಲಿನ ಕೂದಲೆಳೆ ವ್ಯತ್ಯಾಸದಿಂದ ಒಂದು ಪಿನ್ನು ಮೊದಲು ಬಿಗಿಯಾಗುತ್ತದೆ. ಅದನ್ನು ಸಣ್ಣ ಕೊಕ್ಕೆಯಿಂದ ಎತ್ತಿದರೆ ‘ಟಿಕ್’! ಆಮೇಲೆ ಇನ್ನೊಂದು. ಅಗ್ಗದ ಬೀಗದಲ್ಲಿ ಪಿನ್ನು ಕಡಿಮೆ, ವ್ಯತ್ಯಾಸ ಜಾಸ್ತಿ. ಅದಕ್ಕೇ ಬೇಗ ತೆರೆಯುತ್ತದೆ. ಕಲಿಯುವವರು ಎಡವುವುದು ಹೆಚ್ಚಾಗಿ ಅತಿಯಾದ ಬಲದಿಂದ.

ಸೋತದ್ದು ಅಗ್ಗದ ಬೀಗಗಳಷ್ಟೇ ಅಲ್ಲ. ಯಾರಿಗೂ ಬಗ್ಗದ ಬೀಗವೆಂದು ಹೆಸರಾಗಿದ್ದ ಲಂಡನ್ನಿನ ಬ್ರಾಮಾ ಬೀಗವನ್ನು 1851ರಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ತೆರೆದು, 200 ಗಿನಿ ಬಹುಮಾನ ಗೆದ್ದಿದ್ದ.

ಈ ಹವ್ಯಾಸಿಗಳಿಗೆ ಎರಡೇ ಕಟ್ಟಳೆ: ನಿಮ್ಮದಲ್ಲದ ಬೀಗವನ್ನು ಅನುಮತಿಯಿಲ್ಲದೆ ಮುಟ್ಟಬೇಡಿ, ನಿಮ್ಮದೇ ಆದರೂ ಬಳಕೆಯಲ್ಲಿರುವ ಬೀಗದ ಮೇಲೆ ಕೈ ಪಳಗಿಸಬೇಡಿ, ಕೆಟ್ಟು ನಿಂತೀತು.