ವೇದಿಕೆಗಿಂತ ಮೊದಲು ತಾಲೀಮು: ಬಳ್ಳಾರಿಯ ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಬೇಕಾದ ಪೂರ್ವಸಿದ್ಧತೆ

ಬಳ್ಳಾರಿ: 'ಸಂಜೆ 7.10ರಿಂದ 7.50: ದೊಡ್ಡಾಟ'. ನಗರದ ಸಾಂಸ್ಕೃತಿಕ ಕಾರ್ಯಕ್ರಮವೊಂದರ ಆಮಂತ್ರಣ ಪತ್ರಿಕೆಯಲ್ಲಿ ಇಂಥದೊಂದು ಸಾಲು ಇದ್ದರೆ ಇಂದು ಯಾರೂ ಹುಬ್ಬೇರಿಸುವುದಿಲ್ಲ. ಆದರೆ ದೊಡ್ಡಾಟ ಮೂಲತಃ ರಾತ್ರಿ ಆರಂಭವಾಗಿ ಬೆಳಗಿನ ಜಾವ ಮಂಗಳ ಹಾಡುವ ಕಲೆ. ನಲವತ್ತು ನಿಮಿಷದಲ್ಲಿ ಸಾರಥಿಯ ಪ್ರವೇಶ ಮತ್ತು ಪಾತ್ರಗಳ ಪರಿಚಯ ಮುಗಿಯುವುದೇ ಕಷ್ಟ. ಕಥೆ ಆರಂಭವಾಗುವ ಹೊತ್ತಿಗೆ ನಿರೂಪಕರು ಸ್ಮರಣಿಕೆ ಹಿಡಿದು ವೇದಿಕೆಯ ಅಂಚಿಗೆ ಬಂದಿರುತ್ತಾರೆ.

ಇದು ಒಂದು ಸಂಜೆಯ ಅವ್ಯವಸ್ಥೆಯಲ್ಲ, ಯೋಜನೆಯ ಕೊರತೆ. ಸಮುದಾಯದ ಕಲೆಗಳನ್ನು ನಗರದ ವೇದಿಕೆಗೆ ತರುವಾಗ ಸಂಘಟಕರು ಮೊದಲು ನಿಗದಿಪಡಿಸುವುದು ದಿನಾಂಕವನ್ನು, ನಂತರ ಅತಿಥಿಗಳನ್ನು, ಕೊನೆಗೆ ಕಲಾವಿದರನ್ನು. ಈ ಕ್ರಮ ತಿರುಗುಮುರುಗಾಗದ ಹೊರತು ಕಾರ್ಯಕ್ರಮಗಳ ಸಂಖ್ಯೆ ಹೆಚ್ಚಿದರೂ ಕಲೆ ಉಳಿಯುವುದಿಲ್ಲ. ಬಳ್ಳಾರಿ ನಗರ ಮತ್ತು ಅದರಿಂದ ದೂರದಲ್ಲಿರುವ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಊರ ಆಟದ ಲೆಕ್ಕ

ಹಚ್ಚೊಳ್ಳಿಯಂಥ ದೊಡ್ಡ ಗ್ರಾಮದಲ್ಲಿ ದೊಡ್ಡಾಟವೊಂದನ್ನು ಆಡಬೇಕೆಂದು ಊರಿನವರು ನಿಶ್ಚಯಿಸಿದ್ದಾರೆ ಎಂದುಕೊಳ್ಳೋಣ. ಮೊದಲು ಮಾಸ್ತರರನ್ನು ಗೊತ್ತುಮಾಡಬೇಕು. ಪ್ರಸಂಗದ ಪದ್ಯ, ಮಾತು, ಕುಣಿತದ ಹೆಜ್ಜೆ ಎಲ್ಲವನ್ನೂ ಬಲ್ಲವರು ಅವರೇ. ನಂತರ ಪಾತ್ರ ಹಂಚಿಕೆ. ಪಾತ್ರಧಾರಿಗಳು ವೃತ್ತಿ ಕಲಾವಿದರಲ್ಲ. ರೈತರು, ಕೂಲಿಕಾರರು, ಅಂಗಡಿ ನಡೆಸುವವರು. ದಿನದ ದುಡಿಮೆ ಮುಗಿದ ಮೇಲೆ ರಾತ್ರಿ ತಾಲೀಮು ನಡೆಯುತ್ತದೆ. ವಾರಗಳಲ್ಲ, ತಿಂಗಳುಗಟ್ಟಲೆ.

ಮಾಸ್ತರರ ಸಂಭಾವನೆ, ಹಾರ್ಮೋನಿಯಂ ಮತ್ತು ಮದ್ದಳೆಯವರ ಖರ್ಚು, ಕಿರೀಟ, ಭುಜಕೀರ್ತಿ, ಎದೆಹಾರಗಳ ಬಾಡಿಗೆ, ಅಟ್ಟ ಕಟ್ಟುವ ವೆಚ್ಚ ಇವೆಲ್ಲ ಊರಿನ ವಂತಿಗೆಯಿಂದ, ಪಾತ್ರಧಾರಿಗಳ ಜೇಬಿನಿಂದಲೇ ಬರಬೇಕು. ಆಟದ ದಿನ ಬಂಧುಗಳು ಊರಿಗೆ ಬರುತ್ತಾರೆ. ಪಾತ್ರಧಾರಿಗೆ ಅಟ್ಟದ ಮೇಲೆಯೇ 'ಆಯಾರ' ಮಾಡುತ್ತಾರೆ. ಹೀಗೆ ಒಂದು ರಾತ್ರಿಯ ಪ್ರದರ್ಶನದ ಹಿಂದೆ ಇಡೀ ಊರಿನ ಒಂದು ಹಂಗಾಮು ಇರುತ್ತದೆ.

ನಗರದ ಕಾರ್ಯಕ್ರಮ ಈ ಕಲೆಯನ್ನು ಕರೆಸಿಕೊಂಡಾಗ ಸಾಮಾನ್ಯವಾಗಿ ಕೊಡುವುದು ಪ್ರದರ್ಶನದ ಸಂಭಾವನೆ ಮತ್ತು ಪ್ರಯಾಣ ಭತ್ಯೆ. ತಾಲೀಮಿನ ಖರ್ಚನ್ನು ಊರು ಆಗಲೇ ಭರಿಸಿರುತ್ತದೆ ಎಂಬುದು ಇಲ್ಲಿನ ಮೌನ ನಂಬಿಕೆ. ಊರಿನಲ್ಲಿ ತಾಲೀಮು ನಿಂತ ದಿನ ನಗರದ ವೇದಿಕೆಗೆ ಕರೆಸಲು ತಂಡವೇ ಉಳಿದಿರುವುದಿಲ್ಲ. ಫಸಲನ್ನು ಕೊಳ್ಳುವವರು ಇದ್ದಾರೆ, ಬಿತ್ತನೆಗೆ ನೆರವಾಗುವವರು ಇಲ್ಲ ಎಂಬ ಸ್ಥಿತಿ ಇದು.

ಎರಡು ಪಂಚಾಂಗ

ಯೋಜನೆ ಎಡವುವ ಮತ್ತೊಂದು ಜಾಗ ಕಾಲದ ಆಯ್ಕೆ. ಸರ್ಕಾರದ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಉಳಿದ ಅನುದಾನವನ್ನು ಖರ್ಚು ಮಾಡುವ ಒತ್ತಡದಲ್ಲಿ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಕಾರ್ಯಕ್ರಮಗಳು ಒಂದರ ಮೇಲೊಂದು ಬೀಳುತ್ತವೆ. ಶಾಲಾ ಕಾಲೇಜುಗಳಲ್ಲಿ ಪರೀಕ್ಷೆಯ ಹೊತ್ತು ಅದು. ಕಲಿಯಬೇಕಾದ ಯುವಕರೇ ಆಗ ಬಿಡುವಾಗಿರುವುದಿಲ್ಲ.

ಸಿರುಗುಪ್ಪ ಸೀಮೆಯ ಪಂಚಾಂಗ ಬೇರೆ. ತುಂಗಭದ್ರಾ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವ ಪ್ರದೇಶವಿದು. ಕಾಲುವೆಗೆ ನೀರು ಬಂದೊಡನೆ ನಾಟಿ, ಮಳೆಗಾಲದ ಬೆಳೆಗೆ ವರ್ಷದ ಕೊನೆಯ ವೇಳೆಗೆ ಕೊಯ್ಲು. ಈ ನಡುವೆ ಊರಿನ ಜನರಿಗೆ ರಾತ್ರಿ ತಾಲೀಮಿಗೆ ಕೂರುವ ತ್ರಾಣ ಇರುವುದಿಲ್ಲ. ಕೊಯ್ಲು ಮುಗಿದು ಕೈಯಲ್ಲಿ ಕಾಸು ಆಡುವಾಗ, ಜಾತ್ರೆಗಳು ಹತ್ತಿರವಾಗುವಾಗ ಆಟಕ್ಕೆ ಕಳೆ ಬರುತ್ತದೆ. ಕಾರ್ಯಕ್ರಮದ ಆದೇಶ ಕೊಯ್ಲಿನ ನಡುವೆ ಬಂದು ಹದಿನೈದು ದಿನದಲ್ಲಿ ಪ್ರದರ್ಶನ ನೀಡಬೇಕೆಂದರೆ ಹಳೆಯ ತಂಡ, ಹಳೆಯ ಪ್ರಸಂಗ, ಅದೇ ಮುಖಗಳು ಮಾತ್ರ ಮತ್ತೆ ಮತ್ತೆ ಕಾಣಿಸುವುದು ಅನಿವಾರ್ಯ.

ರಾತ್ರಿ ಹತ್ತು ಗಂಟೆಯ ಗಡಿ

ಇದರ ಜೊತೆಗೆ ಕಾನೂನಿನ ಪ್ರಶ್ನೆಯೂ ಇದೆ. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಸ್ಥಳಗಳ ಒಳಗಿನ ಬಳಕೆಗೆ ವಿನಾಯಿತಿ ಇದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವದ ಸಂದರ್ಭದಲ್ಲಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಅವಕಾಶ ಕೊಡಬಹುದು. ಹಗಲಿನ ಹೊತ್ತಿನಲ್ಲಿಯೂ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಸುಪ್ರೀಂ ಕೋರ್ಟ್ 2005ರಲ್ಲಿ ಈ ನಿಯಮಗಳನ್ನು ಎತ್ತಿಹಿಡಿದಿದೆ.

ರೋಗಿಗಳು, ವೃದ್ಧರು, ಓದುವ ಮಕ್ಕಳ ದೃಷ್ಟಿಯಿಂದ ನಿಯಮ ಅಗತ್ಯವೇ. ಆದರೆ ಬೆಳಗಿನವರೆಗೆ ನಡೆಯುವ ಕಲೆಗೆ ಇದು ನೇರವಾಗಿ ತಟ್ಟುತ್ತದೆ. ಸಂಘಟಕರ ಮುಂದೆ ಉಳಿಯುವ ದಾರಿ ಮೂರು. ಸಂಜೆ ಆರಕ್ಕೇ ಆರಂಭಿಸಿ ಹತ್ತರೊಳಗೆ, ವಿಶೇಷ ಅವಕಾಶವಿದ್ದ ದಿನ ಹನ್ನೆರಡರೊಳಗೆ ಮುಗಿಸುವುದು. ಒಂದೇ ಪ್ರಸಂಗವನ್ನು ಎರಡು ಮೂರು ಸಂಜೆಗಳಿಗೆ ಹಂಚುವುದು. ಇಲ್ಲವೇ ರಂಗಮಂದಿರದ ಒಳಗೆ ಆಡಿಸುವುದು.

ಮೂರರಲ್ಲಿ ಯಾವುದನ್ನು ಆಯ್ದರೂ ಪ್ರಸಂಗವನ್ನು ಹೊಸದಾಗಿ ಹೊಂದಿಸಬೇಕು. ಯಾವ ಪದ್ಯ ಬಿಡಬೇಕು, ಯಾವ ಸಂವಾದ ಕಡಿಮೆ ಮಾಡಬೇಕು, ಯಾವ ಯುದ್ಧದ ಕುಣಿತ ಉಳಿಯಲೇಬೇಕು ಎಂಬುದನ್ನು ಮಾಸ್ತರರು ತಂಡದೊಂದಿಗೆ ಕುಳಿತು ತೀರ್ಮಾನಿಸಬೇಕು. ಇದಕ್ಕೆ ಸಮಯವೂ ಹಣವೂ ಬೇಕು. ಅದು ಸಿಗದಿದ್ದಾಗ ಕತ್ತರಿ ಪ್ರಯೋಗಿಸುವವರು ಮಾಸ್ತರರಲ್ಲ, ಗಡಿಯಾರ ನೋಡುವ ನಿರೂಪಕರು.

ಉತ್ಸವದ ನಂತರ

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹಂಪಿ ಬಳ್ಳಾರಿ ಜಿಲ್ಲೆಯಿಂದ ಹೊರಗುಳಿಯಿತು. ಹಂಪಿ ಉತ್ಸವದ ನೆರಳಿನಲ್ಲಿದ್ದ ಬಳ್ಳಾರಿಗೆ ತನ್ನದೇ ಉತ್ಸವದ ಅಗತ್ಯ ಕಾಣಿಸಿತು. 2023ರ ಜನವರಿಯಲ್ಲಿ ನಗರದಲ್ಲಿ 'ಬಳ್ಳಾರಿ ಉತ್ಸವ' ನಡೆಯಿತು. ಇಂಥ ಉತ್ಸವಗಳಿಗೆ ಜನ ಸೇರುವುದು ಹೆಸರಾಂತ ಚಲನಚಿತ್ರ ಗಾಯಕರಿಗಾಗಿ ಎಂಬುದು ನಿಜ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಗಾಯಕರು ಸಿದ್ಧವಾಗಿಯೇ ಬರುತ್ತಾರೆ, ಹಾಡಿ ಮರಳುತ್ತಾರೆ. ಜಿಲ್ಲೆಯಲ್ಲಿಯೇ ಉಳಿಯುವ ಕಲಾವಿದರಿಗೆ ಉತ್ಸವದ ಮರುದಿನ ಏನು ಉಳಿಯುತ್ತದೆ ಎಂಬುದೇ ಯೋಜನೆಯ ಅಳತೆಗೋಲಾಗಬೇಕು.

ಈ ನೆಲದ ದೊಡ್ಡ ಕಲಾವಿದರು ಯಾರೂ ಉತ್ಸವದ ವೇದಿಕೆಯಲ್ಲಿ ಕಲಿತವರಲ್ಲ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಅವರು ಜೋಗತಿ ನೃತ್ಯದಲ್ಲಿ ಪಳಗಿದ್ದು ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿ ಅವರ ಜೊತೆಗಿದ್ದು. ಮುಂದೆ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ನೇ ಸಾಲಿನ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. ಬುರ್ರಕಥೆಯ ದರೋಜಿ ಈರಮ್ಮ ಅವರು ಓದುಬರಹ ಬಾರದಿದ್ದರೂ ದೀರ್ಘ ಕಾವ್ಯಗಳನ್ನು ನೆನಪಿನಿಂದಲೇ ಹಾಡಬಲ್ಲವರಾಗಿದ್ದರು. ಆ ವಿದ್ಯೆ ಕುಟುಂಬದಲ್ಲಿ, ಅಲೆದಾಟದಲ್ಲಿ ಬಂದದ್ದು. 2014ರಲ್ಲಿ ಅವರು ತೀರಿಕೊಂಡರು. ತೊಗಲುಗೊಂಬೆಯಾಟಕ್ಕೆ ಸ್ವಾತಂತ್ರ್ಯ ಹೋರಾಟದಂಥ ಹೊಸ ವಸ್ತುಗಳನ್ನು ತಂದ ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರು 2023ರಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು. ರಂಗಗೀತೆಗಳ ಸುಭದ್ರಮ್ಮ ಮನ್ಸೂರು ಅವರು 2020ರಲ್ಲಿಯೇ ಅಗಲಿದ್ದರು. ಕಲಿಸಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿರುವಾಗ ಕಲಿಕೆಗೆ ಹಣ ಇಡದೆ ಪ್ರದರ್ಶನಕ್ಕೆ ಮಾತ್ರ ಇಡುವುದು ದೂರದೃಷ್ಟಿಯ ಕ್ರಮವಲ್ಲ.

ಎರಡು ಭಾಷೆಯ ಪ್ರೇಕ್ಷಕರು

ಬಳ್ಳಾರಿಯಲ್ಲಿ ಕಾರ್ಯಕ್ರಮ ರೂಪಿಸುವವರು ಭಾಷೆಯನ್ನೂ ಗಮನಿಸಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪ ಸೇರಿದಂತೆ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಗಡಿ ಬದಲಾದರೂ ನಂಟಸ್ತಿಕೆ, ಸಂತೆ, ಹಾಡು ಬದಲಾಗಲಿಲ್ಲ.

ರಂಗಭೂಮಿ ಈ ಎರಡು ಭಾಷೆಯ ಬದುಕನ್ನು ಹಿಂದೆಯೇ ಒಪ್ಪಿಕೊಂಡಿತ್ತು. ತೆಲುಗು ನಾಟಕದ ಹಿರಿಯರಾದ ಧರ್ಮವರಂ ರಾಮಕೃಷ್ಣಮಾಚಾರ್ಯರು 'ಸರಸ ವಿನೋದಿನಿ ಸಭಾ' ಕಟ್ಟಿದ್ದು ಇದೇ ಊರಿನಲ್ಲಿ. ಅವರ ಸೋದರಳಿಯ ಬಳ್ಳಾರಿ ರಾಘವ (1880-1946) ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿದರು. ಅವರ ನೆನಪಿನ ರಾಘವ ಕಲಾಮಂದಿರವೂ, ಗಮಕ ಮತ್ತು ರಂಗಕಲೆ ಎರಡರಲ್ಲೂ ದುಡಿದ ಜೋಳದರಾಶಿ ದೊಡ್ಡನಗೌಡರ ಹೆಸರಿನ ರಂಗಮಂದಿರವೂ ನಗರದಲ್ಲಿವೆ. ಕಟ್ಟಡದ ಕೊರತೆ ನಗರಕ್ಕೆ ಇಲ್ಲ. ಹಚ್ಚೊಳ್ಳಿಯ ಕಡೆಯ ತಂಡವೊಂದು ರಾತ್ರಿ ಆಟ ಮುಗಿಸಿ ಐವತ್ತು ಕಿ.ಮೀ.ಗೂ ಮೀರಿದ ದಾರಿಯಲ್ಲಿ ವೇಷದ ಪೆಟ್ಟಿಗೆಗಳೊಡನೆ ಊರಿಗೆ ಮರಳುವುದು ಹೇಗೆ ಎಂಬ ಸಣ್ಣ ವಿಷಯಕ್ಕೆ ಯೋಜನೆಯಲ್ಲಿ ಜಾಗವಿಲ್ಲದಿರುವುದೇ ಕೊರತೆ.

ಹೊಣೆ ಯಾರದು?

ಸಂಸ್ಕೃತಿ ಎಂದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕೆಲಸ ಎಂಬ ಭಾವನೆ ವ್ಯಾಪಕವಾಗಿದೆ. ಸಂವಿಧಾನ ಹಾಗೆ ಹೇಳುವುದಿಲ್ಲ. 73ನೇ ತಿದ್ದುಪಡಿಯಿಂದ ಸೇರಿದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪೈಕಿ 'ಸಾಂಸ್ಕೃತಿಕ ಚಟುವಟಿಕೆಗಳು' ಮತ್ತು 'ಸಂತೆ, ಜಾತ್ರೆಗಳು' ಅಕ್ಕಪಕ್ಕದಲ್ಲಿವೆ. 74ನೇ ತಿದ್ದುಪಡಿಯ 12ನೇ ಅನುಸೂಚಿ ನಗರ ಸ್ಥಳೀಯ ಸಂಸ್ಥೆಗಳಿಗೂ ಇಂಥದೇ ಹೊಣೆಯನ್ನು ಸೂಚಿಸುತ್ತದೆ. ಅಂದರೆ ಬಳ್ಳಾರಿ ಮಹಾನಗರ ಪಾಲಿಕೆಯೂ, ಗ್ರಾಮ ಪಂಚಾಯಿತಿಯೂ ಈ ಕೆಲಸದ ಪಾಲುದಾರರು.

ಹಳ್ಳಿಯ ತಂಡಗಳಿಗೆ ಮತ್ತೊಂದು ತೊಡಕಿದೆ. ಧನಸಹಾಯ ಬೇಕೆಂದರೆ ಸಂಘ ನೋಂದಣಿಯಾಗಿರಬೇಕು, ಲೆಕ್ಕಪತ್ರ ಇರಬೇಕು, ಬ್ಯಾಂಕ್ ಖಾತೆ ಇರಬೇಕು. ಊರಿನವರೆಲ್ಲ ಸೇರಿ ಒಂದು ಆಟಕ್ಕಾಗಿ ಕಟ್ಟಿಕೊಂಡ ತಂಡಕ್ಕೆ ಇದಾವುದೂ ಇರುವುದಿಲ್ಲ. ಪರಿಣಾಮವಾಗಿ ಕಾಗದ ಸರಿಯಿರುವ ತಂಡಕ್ಕೆ ಅವಕಾಶ, ಕಲೆ ಸರಿಯಿರುವ ತಂಡಕ್ಕೆ ಚಪ್ಪಾಳೆ ಮಾತ್ರ ಎಂಬಂತಾಗುತ್ತದೆ. ಗ್ರಾಮ ಪಂಚಾಯಿತಿ ಅಥವಾ ಸ್ಥಳೀಯ ಶಾಲಾ ಕಾಲೇಜು ಅರ್ಜಿಯ ಕೆಲಸಕ್ಕೆ ಕೈಜೋಡಿಸಿದರೆ ಈ ಅಂತರ ಕಡಿಮೆಯಾಗಬಲ್ಲದು.

ಹೇಗೆ ರೂಪಿಸಬಹುದು?

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ, ಕ್ರಮ ಬದಲಾದರೆ ಸಾಕು. ಮುಂಗಾರಿನ ಹೊತ್ತಿಗೇ ಹೋಬಳಿವಾರು ಮಾಸ್ತರರ ಮತ್ತು ಹಿಮ್ಮೇಳದವರ ಪಟ್ಟಿ ಸಿದ್ಧವಾಗಬೇಕು. ಯಾರು ಕಲಿಸಬಲ್ಲರು, ಯಾವ ಪ್ರಸಂಗದ ಕೈಬರಹದ ಪ್ರತಿ ಯಾರ ಬಳಿ ಇದೆ ಎಂಬ ಮಾಹಿತಿ ಅದರಲ್ಲಿರಬೇಕು. ಕೊಯ್ಲಿಗೆ ಮುನ್ನವೇ ತಂಡಗಳ ಆಯ್ಕೆ ಮುಗಿಯಬೇಕು. ಒಟ್ಟು ಹಣದ ಒಂದು ನಿಶ್ಚಿತ ಪಾಲು ತಾಲೀಮಿನ ದಿನಗಳಿಗೇ ಮೀಸಲಾಗಬೇಕು ಮತ್ತು ಮೊದಲೇ ಕೈಸೇರಬೇಕು. ಮೊದಲ ಪ್ರದರ್ಶನ ಊರಿನಲ್ಲಿಯೇ, ಜಾತ್ರೆಯ ಸಮಯಕ್ಕೆ ನಡೆಯಬೇಕು. ಅದೇ ತಂಡ ಅದೇ ಪ್ರಸಂಗವನ್ನು ಹೊಂದಿಸಿಕೊಂಡು ನಗರದ ರಂಗಮಂದಿರಕ್ಕೆ ಬರಬೇಕು. ಅಲ್ಲಿ ಭಾಷಣಗಳಿಗೆ ಬೇರೆ ದಿನ ಇರಲಿ.

ಕಲಿಕೆಗೆ ಹಣ ಕೊಡುವುದು ನಮ್ಮಲ್ಲಿ ಕೇಳರಿಯದ ಕ್ರಮವೂ ಅಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ವಲಯ ಸಾಂಸ್ಕೃತಿಕ ಕೇಂದ್ರಗಳು 'ಗುರು-ಶಿಷ್ಯ ಪರಂಪರೆ' ಯೋಜನೆಯಡಿ ಗುರುವಿಗೂ ಶಿಷ್ಯರಿಗೂ ಸಹಾಯಧನ ನೀಡುತ್ತವೆ. ಕರ್ನಾಟಕ ತಂಜಾವೂರು ಮತ್ತು ನಾಗಪುರ ಎರಡೂ ಕೇಂದ್ರಗಳ ಸದಸ್ಯ ರಾಜ್ಯ. ಅದೇ ತತ್ವವನ್ನು ಜಿಲ್ಲೆಯ ಮಟ್ಟಕ್ಕೆ ಇಳಿಸಬೇಕಷ್ಟೆ.

ಕಾರ್ಯಕ್ರಮ ಯಶಸ್ವಿಯಾಯಿತೇ ಎಂದು ಅಳೆಯಲು ಇಂದು ಎಣಿಸುವುದು ಕುರ್ಚಿಗಳನ್ನು. ಎಣಿಸಬೇಕಾದದ್ದು ಬೇರೆ ಇದೆ: ಈ ವರ್ಷ ಹೊಸದಾಗಿ ಗೆಜ್ಜೆ ಕಟ್ಟಿದವರು ಎಷ್ಟು ಜನ, ಮದ್ದಳೆ ಕಲಿತವರು ಎಷ್ಟು ಜನ, ಬರುವ ವರ್ಷ ಕಲಿಸಲು ಉಳಿದ ಮಾಸ್ತರರು ಎಷ್ಟು ಜನ. ಮುಂದಿನ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಸಂಘಟಕರು ಈ ಮೂರು ಅಂಕಿಗಳನ್ನು ಕೇಳಿದರೆ ನಲವತ್ತು ನಿಮಿಷದ ದೊಡ್ಡಾಟಕ್ಕೂ ಅರ್ಥ ಬಂದೀತು.