ಸ್ತನವರ್ಧನ ಶಸ್ತ್ರಚಿಕಿತ್ಸೆ: ಸುರಕ್ಷತೆ ಮತ್ತು ಚೇತರಿಕೆ

ಗಾಯ ಮಾಯ್ದು ಹೊಲಿಗೆ ಬಿಚ್ಚಿದೊಡನೆ ರೋಗಿಯ ಚೇತರಿಕೆ ಪೂರ್ಣವಾಯಿತೆಂದು ಭಾವಿಸುವುದು ವಾಡಿಕೆ. ದೇಹದೊಳಗೆ ಪರವಸ್ತುವೊಂದನ್ನು ಉಳಿಸುವ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಈ ಭಾವನೆ ಸಲ್ಲದು. ಸ್ತನವರ್ಧನದ ಇತಿಹಾಸವು ಇದಕ್ಕೆ ಸ್ಪಷ್ಟ ನಿದರ್ಶನವಾದುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಎಂಬ ವೈದ್ಯರು ಸಿಲಿಕೋನ್ ಲೋಳೆ ತುಂಬಿದ ಚೀಲವನ್ನು ಮೊದಲ ಬಾರಿಗೆ ಅಳವಡಿಸಿದರು. ಹಿಂದೆ ಬಳಕೆಯಲ್ಲಿದ್ದ ಪ್ಯಾರಫಿನ್ ಚುಚ್ಚುಮದ್ದಿಗಿಂತ ಇದು ಎಷ್ಟೋ ಮೇಲಾಗಿತ್ತು. ಆದರೆ ಇಂಥ ಉಪಕರಣಗಳನ್ನು ಮಾರಾಟಕ್ಕೆ ಮುನ್ನ ಪರಿಶೀಲಿಸುವ ಅಧಿಕಾರ ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ ದೊರೆತದ್ದು 1976ರಲ್ಲಿ.

ಚೀಲವನ್ನು ಸ್ತನಗ್ರಂಥಿಯ ಹಿಂದೆ, ಇಲ್ಲವೆ ಎದೆಯ ಸ್ನಾಯುವಿನ ಹಿಂದೆ ಇರಿಸುತ್ತಾರೆ. ಮೊದಲ ದಿನಗಳಲ್ಲಿ ನೋವು, ಬಾವು, ಬಿಗಿತ ಸಹಜ. ಕೆಲವು ವಾರಗಳವರೆಗೆ ಭಾರ ಎತ್ತುವುದೂ ಶ್ರಮದ ವ್ಯಾಯಾಮವೂ ವರ್ಜ್ಯ. ಧೂಮಪಾನವು ಗಾಯ ಮಾಯುವುದನ್ನು ತಡೆಯುತ್ತದೆ. ಒಂದು ಪಾರ್ಶ್ವ ಮಾತ್ರ ಹಠಾತ್ತನೆ ಊದಿಕೊಂಡರೆ ಒಳಗೆ ರಕ್ತ ಸಂಗ್ರಹವಾಗಿರಬಹುದು. ಜ್ವರ, ಕೆಂಪು, ಕೀವು ಸೋಂಕಿನ ಸೂಚನೆಗಳು. ಇವೆರಡರಲ್ಲೂ ವಿಳಂಬ ಕೂಡದು.

ಅನಂತರದ ತೊಡಕುಗಳು ನಿಧಾನವಾದವು. ದೇಹವು ಚೀಲದ ಸುತ್ತ ನಾರಿನ ಪೊರೆಯೊಂದನ್ನು ಕಟ್ಟುತ್ತದೆ. ಇದು ಸ್ವಾಭಾವಿಕ, ಆದರೆ ಕೆಲವರಲ್ಲಿ ಪೊರೆ ಸಂಕುಚಿಸಿ ಸ್ತನವು ಗಟ್ಟಿಯಾಗಿ ನೋಯತೊಡಗುತ್ತದೆ. ಲವಣದ್ರಾವಣದ ಚೀಲ ಒಡೆದರೆ ಸ್ತನ ಕುಗ್ಗಿ ತಾನೇ ತಿಳಿಯುತ್ತದೆ. ಸಿಲಿಕೋನ್ ಚೀಲವಾದರೋ ಯಾವ ಲಕ್ಷಣವನ್ನೂ ತೋರದೆ ಒಡೆದಿರಬಹುದು. ಆದಕಾರಣ ಮೇಲೆ ಹೇಳಿದ ಆಡಳಿತವು 2020ರಲ್ಲಿ, ತೊಂದರೆಯಿಲ್ಲದವರೂ ಶಸ್ತ್ರಚಿಕಿತ್ಸೆಯಾದ 5-6 ವರ್ಷಗಳಿಗೆ ಒಮ್ಮೆ, ಆಮೇಲೆ 2-3 ವರ್ಷಗಳಿಗೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಪರೀಕ್ಷೆ ಮಾಡಿಸಬೇಕೆಂದು ಸೂಚಿಸಿತು.

ಎಲ್ಲಕ್ಕಿಂತ ಗಂಭೀರವಾದ ವಿಷಯ ಬಹು ತಡವಾಗಿ ತಿಳಿಯಿತು. ಚೀಲದ ಸುತ್ತಲಿನ ಪೊರೆಯಲ್ಲಿ ಒಂದು ಬಗೆಯ ಲಿಂಫೋಮಾ ಹುಟ್ಟಬಹುದೆಂದು ಅದೇ ಆಡಳಿತ ಎಚ್ಚರಿಸಿದ್ದು 2011ರಲ್ಲಿ, ಎಂದರೆ ಮೊದಲ ಚೀಲ ಬಂದು ಅರ್ಧ ಶತಮಾನ ಸಮೀಪಿಸಿದಾಗ. ಮೇಲ್ಮೈ ಒರಟಾಗಿರುವ ಚೀಲಗಳೊಡನೆ ಇದಕ್ಕೆ ಹೆಚ್ಚು ಸಂಬಂಧವಿದ್ದುದರಿಂದ 2019ರಲ್ಲಿ ಅಂಥ ಒಂದು ಬಗೆಯನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದೆಗೆಯಲಾಯಿತು. ರೋಗ ವಿರಳ, ವರ್ಷಗಳ ಬಳಿಕ ಚೀಲದ ಸುತ್ತ ನೀರು ತುಂಬಿ ಊದಿಕೊಳ್ಳುವುದು ಅದರ ಸಾಮಾನ್ಯ ಲಕ್ಷಣ. ಬೇಗ ಗುರುತಿಸಿದರೆ ಚೀಲವನ್ನೂ ಪೊರೆಯನ್ನೂ ತೆಗೆಯುವುದರಿಂದಲೇ ಬಹುಮಟ್ಟಿಗೆ ಗುಣವಾಗುತ್ತದೆ. ಆದರೆ ಆ ವೇಳೆಗೆ ಶಸ್ತ್ರಚಿಕಿತ್ಸಕರ ಸಂಪರ್ಕ ತಪ್ಪಿದ್ದರೆ ಗುರುತಿಸುವವರು ಯಾರು?

ಫ್ರಾನ್ಸಿನ ಪಿ.ಐ.ಪಿ. ಸಂಸ್ಥೆಯು ಚೀಲಗಳಲ್ಲಿ ಕೈಗಾರಿಕೆಯ ಸಿಲಿಕೋನ್ ತುಂಬುತ್ತಿದ್ದುದು 2010ರಲ್ಲಿ ಬಯಲಾದಾಗಲೂ ಇದೇ ಪ್ರಶ್ನೆ ಎದ್ದಿತು. ತನ್ನ ದೇಹದಲ್ಲಿರುವುದು ಯಾರು ತಯಾರಿಸಿದ ಚೀಲವೆಂಬ ದಾಖಲೆಯಿಲ್ಲದ ಸ್ತ್ರೀಗೆ ಎಚ್ಚರಿಕೆಯಿಂದ ಪ್ರಯೋಜನವೇನು?

ಇಷ್ಟಾದರೂ ಭೀತಿಯೇ ವಿವೇಕವಲ್ಲ. 1992ರಲ್ಲಿ ಅಮೆರಿಕದಲ್ಲಿ ಸಿಲಿಕೋನ್ ಚೀಲಗಳ ಬಳಕೆಗೆ ಕಟ್ಟುನಿಟ್ಟಾದ ಮಿತಿ ಬಿದ್ದಿತು. ಅವು ಸಂಧಿವಾತದಂಥ ರೋಗಗಳನ್ನು ಉಂಟುಮಾಡುತ್ತವೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು 1999ರಲ್ಲಿ ಅಲ್ಲಿನ ತಜ್ಞರ ಸಮಿತಿ ನಿರ್ಣಯಿಸಿತು. 2006ರಲ್ಲಿ ನಿಬಂಧನೆಗಳೊಡನೆ ಅನುಮತಿ ಮರಳಿ ದೊರೆಯಿತು. ಆಯಾಸ, ಕೀಲುನೋವು, ಮರೆವುಗಳನ್ನು ಕುರಿತು ಹಲವು ಸ್ತ್ರೀಯರು ಹೇಳಿಕೊಂಡದ್ದನ್ನೂ ಕಡೆಗಣಿಸದೆ, 2021ರಲ್ಲಿ ಈ ವಿವರಗಳನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ತಿಳಿಸಬೇಕೆಂದು ವಿಧಿಸಲಾಯಿತು.

ಚೀಲವು ಜೀವಮಾನವಿಡೀ ಬಾಳುವ ವಸ್ತುವಲ್ಲ. ಕಾಲ ಕಳೆದಂತೆ ಅದನ್ನು ತೆಗೆಯುವ ಇಲ್ಲವೆ ಬದಲಾಯಿಸುವ ಸಂಭವ ಹೆಚ್ಚುತ್ತದೆ. ಇದನ್ನು ಮೊದಲೇ ಅರಿತು ಒಪ್ಪುವುದೇ ನಿಜವಾದ ಸಮ್ಮತಿ. ಚೀಲದ ವಿವರವುಳ್ಳ ಚೀಟಿಯನ್ನು ಜೋಪಾನಮಾಡುವುದೂ ನಿಯತಕಾಲದ ಪರೀಕ್ಷೆಯೂ ಚೇತರಿಕೆಯ ಅಂಗಗಳೇ ಎಂಬುದು ನಮ್ಮ ಅಭಿಪ್ರಾಯ.